13 ವಾರಗಳ ಗಂಟುಮೂಟೆ

ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಆಗಿ, ಅಂದರೆ ಏಜೆನ್ಸಿಯ ಮೂಲಕ ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಅಲ್ಪಾವಧಿಗೆ ಕೆಲಸ ಮಾಡುವ ನರ್ಸ್ ಆಗಿ ಹೊರಡುವವರಿಗೆ ಸಿಗುವ ಕರಾರು ಸಾಮಾನ್ಯವಾಗಿ 13 ವಾರಗಳದ್ದು. ಪ್ರವಾಸಕ್ಕೆ ಹೆಚ್ಚು, ಸಂಸಾರ ಹೂಡಲು ಕಡಿಮೆ ಎನ್ನುವಂಥ ಅವಧಿ ಇದಾದ್ದರಿಂದ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬ ಲೆಕ್ಕ ಸುಲಭವಾಗಿ ಬಗೆಹರಿಯುವುದಿಲ್ಲ. ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಕಾಯಂ ಕೆಲಸ ಬಿಟ್ಟು ಕೊಲೊರಾಡೊ ರಾಜ್ಯದ ಡೆನ್ವರ್‌ನ ಮೊದಲ ಕರಾರಿಗೆ ಸಹಿ ಹಾಕಿದ ಮೇಲೆ ನಾನು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸಾಮಾನು ಕಟ್ಟಿದೆ: ಈ ವಸ್ತು ಕೈಯಲ್ಲಿಲ್ಲದಿದ್ದರೆ ಮೊದಲ ವಾರದ ಡ್ಯೂಟಿಗೆ ಅಡ್ಡಿಯಾಗುತ್ತದೆಯೇ? ಹೌದಾದರೆ ಕಾರಿನೊಳಗೆ, ಇಲ್ಲವಾದರೆ ಮನೆಯಲ್ಲೇ.

ಹಾಗೆ ನೋಡಿದಾಗ ಬಟ್ಟೆಗಿಂತ ಮೊದಲು ಕಾಗದಪತ್ರಗಳು ಬರುತ್ತವೆ. ಟೆಕ್ಸಾಸ್ ಮತ್ತು ಕೊಲೊರಾಡೊ ಎರಡೂ ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್‌ಗೆ (ಒಂದೇ ಲೈಸೆನ್ಸಿನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ರಾಜ್ಯಗಳ ಒಪ್ಪಂದ) ಸೇರಿದ ರಾಜ್ಯಗಳಾದ್ದರಿಂದ ನನ್ನ ಮಲ್ಟಿಸ್ಟೇಟ್ ಲೈಸೆನ್ಸ್ ಅಲ್ಲಿಯೂ ನಡೆಯುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರೆ ಆ ರಾಜ್ಯದ ಲೈಸೆನ್ಸನ್ನೇ ಬೇರೆಯಾಗಿ ಪಡೆಯಬೇಕಾಗಿತ್ತು. ಹೃದಯ ನಿಂತಾಗ ಜೀವ ಉಳಿಸುವ ತರಬೇತಿಯ ಬಿಎಲ್‌ಎಸ್ (ಮೂಲ ಹಂತ) ಮತ್ತು ಎಸಿಎಲ್‌ಎಸ್ (ಮುಂದಿನ ಹಂತ) ಕಾರ್ಡುಗಳ ಅವಧಿ ಎರಡು ವರ್ಷ. ಅವು ಕರಾರಿನ ನಡುವೆ ಮುಗಿಯುವಂತಿದ್ದರೆ ಹೊರಡುವ ಮೊದಲೇ ನವೀಕರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೊಸ ಊರಿನಲ್ಲಿ ರಜೆಯ ದಿನವನ್ನು ಅದಕ್ಕಾಗಿ ಕಳೆಯಲು ಯಾರಿಗೂ ಮನಸ್ಸಾಗುವುದಿಲ್ಲ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಹೆಪಟೈಟಿಸ್ ಬಿ ಇವುಗಳ ರೋಗನಿರೋಧಕ ಶಕ್ತಿಯ ರಕ್ತಪರೀಕ್ಷೆ, ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್, ಫ್ಲೂ ಲಸಿಕೆ ಎಲ್ಲದರ ಪ್ರತಿಯೂ ಏಜೆನ್ಸಿಯ ಬಳಿ ಇರುತ್ತದೆ ಎಂಬುದು ನಿಜ. ಆದರೂ ಒಂದು ಪ್ರತಿ ಫೈಲಿನಲ್ಲಿ, ಇನ್ನೊಂದು ಫೋನಿನಲ್ಲಿ ಇರಲಿ. ಭಾರತದಲ್ಲಿ ಹುಟ್ಟಿ ಬೆಳೆದ ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದದ್ದು ಕ್ಷಯದ ಪರೀಕ್ಷೆ. ಎಳವೆಯಲ್ಲಿ ಕ್ಷಯದ ಲಸಿಕೆಯಾದ ಬಿಸಿಜಿ ಚುಚ್ಚಿಸಿಕೊಂಡವರಿಗೆ ಚರ್ಮದ ಪರೀಕ್ಷೆಯಲ್ಲಿ ರೋಗವಿಲ್ಲದೆಯೂ ಊತ ಬಂದು ಪಾಸಿಟಿವ್ ಎಂದು ಬರೆದುಬಿಡುವ ಸಂಭವವಿದೆ. ಆಮೇಲೆ ಎದೆಯ ಎಕ್ಸ್‌ರೇ, ಅದರ ವರದಿ ಎಂದು ಡ್ಯೂಟಿ ಆರಂಭವಾಗುವುದೇ ತಡವಾಗುತ್ತದೆ. ಬಿಸಿಜಿಯಿಂದ ಏರುಪೇರಾಗದ ಕ್ವಾಂಟಿಫೆರಾನ್ ರಕ್ತಪರೀಕ್ಷೆಯ ವರದಿಯನ್ನು ನಾನು ಫೈಲಿನ ಮೊದಲ ಹಾಳೆಯಾಗಿಯೇ ಇಟ್ಟಿದ್ದೇನೆ.

ಅದೇ ಫೈಲಿನಲ್ಲಿ ಡಲ್ಲಾಸ್ ಮನೆಯ ಬಾಡಿಗೆ ಪತ್ರವೂ ಇದೆ. ಕರಾರಿನ ಜೊತೆ ಸಿಗುವ ವಸತಿ ಭತ್ಯೆಗೆ ತೆರಿಗೆ ಬೀಳಬಾರದೆಂದರೆ ಸ್ವಂತ ಊರಿನಲ್ಲಿ ಮನೆಯ ಖರ್ಚು ನಡೆಯುತ್ತಲೇ ಇರಬೇಕು, ಅದಕ್ಕೆ ದಾಖಲೆಯೂ ಬೇಕು.

ಬಟ್ಟೆಯ ವಿಷಯ ಹೆಚ್ಚಿಲ್ಲ. ಒಂದು ಆಸ್ಪತ್ರೆಯಲ್ಲಿ ನರ್ಸುಗಳದು ಕಡುನೀಲಿ ಸ್ಕ್ರಬ್ಸ್ (ಆಸ್ಪತ್ರೆಯ ಸಮವಸ್ತ್ರ) ಆದರೆ ಇನ್ನೊಂದರಲ್ಲಿ ಆ ಬಣ್ಣ ಬೇರೆ ವಿಭಾಗದವರದ್ದಾಗಿರಬಹುದಾದ್ದರಿಂದ ಬಣ್ಣವನ್ನು ಏಜೆನ್ಸಿಯ ರಿಕ್ರೂಟರ್ ಬಳಿ ಬರಹದಲ್ಲಿ ಕೇಳಿ ಪಡೆದ ಮೇಲೆಯೇ ಕೊಳ್ಳಬೇಕು. ವಾರಕ್ಕೆ 12 ಗಂಟೆಯ ಮೂರು ಶಿಫ್ಟ್ ಎಂದರೆ ನಾಲ್ಕು ಜೊತೆ ಸಾಕು. ಶೂ ಮಾತ್ರ ಹೊಚ್ಚಹೊಸದು ಬೇಡ. ಕಾಲಿಗೆ ಒಗ್ಗಿದ್ದೇ ಇರಲಿ. ಸ್ಟೆತಸ್ಕೋಪ್, ಪೆನ್‌ಲೈಟ್, ಬ್ಯಾಂಡೇಜ್ ಕತ್ತರಿ, ಕಂಪ್ರೆಷನ್ ಸಾಕ್ಸ್ ಇವನ್ನು ಒಂದೇ ಚೀಲದಲ್ಲಿ ಹಾಕಿದ್ದೇನೆ.

ನನ್ನದು ರಾತ್ರಿಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗುವವಳಿಗೆ ಬಾಡಿಗೆ ಕೋಣೆಯ ತೆಳು ಪರದೆ ಸಾಲುವುದಿಲ್ಲ, ಅದರಲ್ಲಿಯೂ ಹಿಮದ ಮೇಲೆ ಬಿದ್ದು ಪ್ರತಿಫಲಿಸುವ ಡೆನ್ವರ್‌ನ ಬಿಸಿಲಿಗೆ. ಬೆಳಕು ನುಸುಳದ ಕಪ್ಪು ಪರದೆಯೊಂದನ್ನೂ ಅದನ್ನು ಇರುವ ಸರಳಿಗೇ ಸಿಕ್ಕಿಸಲು ಬಟ್ಟೆ ಒಣಹಾಕುವ ಒಂದು ಹಿಡಿ ಕ್ಲಿಪ್ಪುಗಳನ್ನೂ ಕಟ್ಟಿಕೊಂಡಿದ್ದೇನೆ. ಮನೆಯೊಡತಿಯ ಗೋಡೆಗೆ ಮೊಳೆ ಹೊಡೆಯುವ ಪ್ರಸಂಗವೇ ಬರುವುದಿಲ್ಲ.

ಸಜ್ಜಾದ ಮನೆಯಲ್ಲಿ ಪಾತ್ರೆಪಗಡಗಳೆಲ್ಲ ಇರುತ್ತವೆ ಎಂದು ಜಾಹೀರಾತು ಹೇಳುತ್ತದೆ, ಆದರೆ ಕುಕ್ಕರ್ ಇರುವುದಿಲ್ಲ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದ್ದು, ಗಾಳಿಯ ಒತ್ತಡ ಕಡಿಮೆಯಿರುವ ಕಾರಣ ಅಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕುದಿಯುವುದು ಕಾಣಿಸುತ್ತದೆಯೇ ಹೊರತು ಬೇಯುವುದು ಮಾತ್ರ ಬಹಳ ನಿಧಾನ. ಹೀಗಾಗಿ ಮೂರು ಲೀಟರಿನ ಕುಕ್ಕರ್ ನನ್ನ ಪಟ್ಟಿಯಲ್ಲಿ ಸ್ಟೆತಸ್ಕೋಪಿನಷ್ಟೇ ಅಗತ್ಯದ ಸಾಮಾನು. ಅದರ ಹೊಟ್ಟೆಯನ್ನು ಖಾಲಿ ಬಿಡದೆ ಒಗ್ಗರಣೆ ಡಬ್ಬಿ, ಸಾರಿನ ಪುಡಿ, ಹುಣಸೆಹಣ್ಣು ಮತ್ತು ಒಂದು ಹೆಚ್ಚುವರಿ ಗ್ಯಾಸ್ಕೆಟ್ ತುಂಬಿದ್ದೇನೆ. ನಡುರಾತ್ರಿಯ ಊಟದ ಬಿಡುವಿನಲ್ಲಿ ಮೈಕ್ರೋವೇವ್ ಮುಂದೆ ಸಾಲು ನಿಲ್ಲದೆ ಉಣ್ಣಬಹುದಾದದ್ದು ಮೊಸರನ್ನವೊಂದೇ ಎಂಬ ನನ್ನ ಅಭಿಪ್ರಾಯ ಡಲ್ಲಾಸ್‌ನಲ್ಲಿಯೇ ಗಟ್ಟಿಯಾಗಿದೆ.

ಡಲ್ಲಾಸ್‌ನಿಂದ ಡೆನ್ವರ್‌ಗೆ ಸುಮಾರು 800 ಮೈಲಿ. ವಿಮಾನಕ್ಕಿಂತ ಕಾರೇ ಲೇಸು, ಏಕೆಂದರೆ ಅಲ್ಲಿ ಹೇಗೂ ಓಡಾಟಕ್ಕೆ ಕಾರು ಬೇಕು. ಟೆಕ್ಸಾಸ್ ಕಾರಿಗೆ ಹಿಮ ಅಪರೂಪವಾದ್ದರಿಂದ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಸ್ಕ್ರೇಪರ್, ಹೆಪ್ಪುಗಟ್ಟದ ವೈಪರ್ ದ್ರವ, ಕಂಬಳಿ ಇವು ಡಿಕ್ಕಿಯ ತಳಕ್ಕಲ್ಲ, ಕೈಗೆ ಸಿಗುವಂತೆ ಮೇಲಕ್ಕೆ.

ಹಿಂದಿನ ಗಾಜಿನಿಂದ ರಸ್ತೆ ಕಾಣದಷ್ಟು ತುಂಬಬಾರದು ಎಂಬ ನಿಯಮಕ್ಕೆ ಸುರಕ್ಷತೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ರೋಗಿಗಳ ಸಂಖ್ಯೆ ಇಳಿದರೆ ಆಸ್ಪತ್ರೆ ಕರಾರನ್ನು ನಡುವಿನಲ್ಲಿಯೇ ಮುಗಿಸಬಹುದು, ಮತ್ತು ಹಾಗಾದಾಗ ಮನೆ ತೆರವು ಮಾಡಲು ಸಿಗುವ ಸಮಯ ಕಡಿಮೆ. ಆದ್ದರಿಂದ ಮನೆಯನ್ನು ಮೂರು ತಿಂಗಳಿಗೆ ಒಟ್ಟಾಗಿ ಹಿಡಿಯದೆ ತಿಂಗಳ ಲೆಕ್ಕದಲ್ಲಿ ಮಾತಾಡಿದ್ದೇನೆ. ಒಂದು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿಟ್ಟಿದ್ದೇನೆ. ಸಾಮಾನನ್ನು ನಾನೊಬ್ಬಳೇ ಅರ್ಧ ದಿನದಲ್ಲಿ ಮತ್ತೆ ಕಾರಿಗೆ ಹೇರಬಹುದಾದಷ್ಟಕ್ಕೆ ನಿಲ್ಲಿಸಿದ್ದೇನೆ.