ಲೂಸಿಲ್ ಬಾಲ್ ಹುಟ್ಟಿನಿಂದಲೇ ತಮಾಷೆಯವರಾ?

ಬೇಸಿಗೆ ರಜೆಯಲ್ಲಿ ನಾನು ನಾಟಕ ಶಿಬಿರ ನಡೆಸುತ್ತೇನೆ. ಪ್ರತಿ ಶಿಬಿರದಲ್ಲೂ ಒಂದು ಸಂಜೆ ಗೋಡೆಗೆ ಬಿಳಿ ಪಂಚೆ ಕಟ್ಟಿ ಒಂದು ಹಳೆಯ ಕಪ್ಪು-ಬಿಳುಪು ದೃಶ್ಯ ತೋರಿಸುತ್ತೇನೆ. ಇಬ್ಬರು ಹೆಂಗಸರು ಚಾಕೊಲೇಟ್ ಕಾರ್ಖಾನೆಯಲ್ಲಿ ಬೆಲ್ಟಿನ ಮುಂದೆ ನಿಂತಿದ್ದಾರೆ. ಅವರಲ್ಲಿ ಒಬ್ಬರು ಅಮೆರಿಕದ ಹಾಸ್ಯನಟಿ ಲೂಸಿಲ್ ಬಾಲ್. ಬೆಲ್ಟಿನ ಮೇಲೆ ಬರುವ ಚಾಕೊಲೇಟುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಬಿಡಬೇಕು. ಒಂದೇ ಒಂದು ಸುತ್ತದೆ ಹೋದರೂ ಕೆಲಸ ಹೋಯಿತು. ಮೊದಮೊದಲು ಬೆಲ್ಟು ನಿಧಾನ. ಇಬ್ಬರೂ ನಗುನಗುತ್ತಾ ಸುತ್ತುತ್ತಾರೆ. ಆಮೇಲೆ ಅದು ಜೋರಾಗುತ್ತದೆ. ಕೈ ಸಾಲದಾಗುತ್ತದೆ. ಬಾಯಿಗೆ ತುರುಕುತ್ತಾರೆ, ಟೋಪಿಯೊಳಗೆ ಇಡುತ್ತಾರೆ, ಅಂಗಿಯೊಳಗೆ ಹಾಕಿಕೊಳ್ಳುತ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟಿನ ಮೇಲೆ ಒಂದೂ ಇಲ್ಲ. ಭಾರಿ ಚುರುಕು ಕೆಲಸಗಾರರು ಅಂದುಕೊಂಡು ಅವಳು ಬೆಲ್ಟನ್ನು ಇನ್ನೂ ಜೋರಾಗಿ ಬಿಡಿಸುತ್ತಾಳೆ.

ಇಂಗ್ಲಿಷ್ ಗೊತ್ತಿಲ್ಲದ ಮಕ್ಕಳೂ ಬಿದ್ದು ಬಿದ್ದು ನಗುತ್ತಾರೆ. ನಗು ನಿಂತ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಅಕ್ಕಾ, ಇವರು ಹುಟ್ಟಿನಿಂದಲೇ ಹೀಗೆ ತಮಾಷೆಯವರಾ?" ದೊಡ್ಡವರ ಶಿಬಿರದಲ್ಲಿ ಅದೇ ಪ್ರಶ್ನೆ ಸ್ವಲ್ಪ ಬೇಸರದಲ್ಲಿ ಬರುತ್ತದೆ. "ಹಾಸ್ಯ ಎಲ್ಲ ದೇವರು ಕೊಟ್ಟಿದ್ದು ಬಿಡಿ, ನಮಗೆ ಎಲ್ಲಿ ಬರಬೇಕು?"

ಇಲ್ಲ. ದೇವರು ಕೊಟ್ಟಿದ್ದು ಏನೋ ಇದ್ದಿರಬಹುದು. ಆದರೆ ನೀವು ಪಂಚೆಯ ಮೇಲೆ ನೋಡಿ ನಕ್ಕಿದ್ದು ಅದನ್ನಲ್ಲ. ಈ ಮಾತಿಗೆ ಆಧಾರ ಲೂಸಿಲ್ ಬಾಲ್ ಅವರ ಬದುಕೇ. ಶಿಬಿರದಲ್ಲಿ ಪೂರ್ತಿ ಹೇಳಲು ಸಮಯ ಇರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ. ಅಪ್ಪ ಟೆಲಿಫೋನ್ ಕಂಪನಿಯಲ್ಲಿ ಲೈನ್‌ಮನ್. ಲೂಸಿಲ್‌ಗೆ ಮೂರು ವರ್ಷ ಇದ್ದಾಗ ಟೈಫಾಯ್ಡ್ ಬಂದು ತೀರಿಕೊಂಡರು. ಅಮ್ಮ ಆಗ ಬಸುರಿ. ಮುಂದೆ ಪಕ್ಕದ ಸೆಲೊರಾನ್ ಎಂಬಲ್ಲಿ ಅಜ್ಜನ ಮನೆಯೇ ಗತಿಯಾಯಿತು. ಹಾಡು, ಕುಣಿತ, ಸರ್ಕಸ್ಸು, ನಗೆ ಎಲ್ಲ ಸೇರಿದ ವಾಡೆವಿಲ್ ಎಂಬ ಪ್ರದರ್ಶನಗಳಿಗೆ ಮೊಮ್ಮಗಳನ್ನು ಕರೆದುಕೊಂಡು ಹೋದವರು ಈ ಅಜ್ಜನೇ. 1927ರಲ್ಲಿ ಆ ಮನೆಯೂ ಹೋಯಿತು. ಅಜ್ಜ ಮೊಮ್ಮಗನಿಗೆ ಒಂದು ಬಂದೂಕು ತಂದುಕೊಟ್ಟಿದ್ದರು. ಅಂಗಳದಲ್ಲಿ ಗುರಿ ಹೊಡೆಯುವ ಆಟ ನಡೆದಿತ್ತು. ಆಡಲು ಬಂದಿದ್ದ ಒಬ್ಬ ಹುಡುಗನಿಗೆ ಗುಂಡು ತಾಗಿ ಅವನ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕೋರ್ಟು ಕಚೇರಿ ಎಂದು ಮನೆ ಕೈಬಿಟ್ಟಿತು. ಅಜ್ಜ ಮತ್ತೆ ಮೊದಲಿನಂತಾಗಲಿಲ್ಲ.

ಇದಕ್ಕೂ ಮುಂಚೆ ಹುಡುಗಿ ನ್ಯೂಯಾರ್ಕ್ ನಗರದ ನಟನಾ ಶಾಲೆಗೆ ಹೋಗಿ ಬಂದಾಗಿತ್ತು. ಅಲ್ಲಿ ಬಾಯಿಯೇ ಬರಲಿಲ್ಲ. ಅದೇ ಶಾಲೆಯಲ್ಲಿ, ಮುಂದೆ ಹಾಲಿವುಡ್‌ನ ದೊಡ್ಡ ನಟಿಯಾದ ಬೆಟಿ ಡೇವಿಸ್ ಮಿಂಚುತ್ತಿದ್ದರು, ಇವರು ಮೂಲೆಯಲ್ಲಿ ಮುದುಡಿ ನಿಂತಿದ್ದರು. ನಿಮ್ಮ ಮಗಳಿಗೆ ಇದು ಆಗದ ಕೆಲಸ, ಸುಮ್ನೆ ದುಡ್ಡು ದಂಡ ಎಂದು ಶಾಲೆಯವರು ಅಮ್ಮನಿಗೆ ತಿಳಿಸಿದರು. ಮುಂದೆ ಅಮೆರಿಕವನ್ನೇ ನಗಿಸಿದ ಹೆಂಗಸಿನ ಮೊದಲ ಫಲಿತಾಂಶ ಇದು.

ಆಮೇಲೆ ಬಟ್ಟೆ ಅಂಗಡಿಯ ಮಾಡೆಲ್ ಕೆಲಸ, ದೀರ್ಘ ಕಾಯಿಲೆ, ಮತ್ತೆ ಮಾಡೆಲ್ ಕೆಲಸ. 1933ರಲ್ಲಿ ಹಾಲಿವುಡ್‌ಗೆ ಬಂದರು, ಹಿಂದೆ ಸಾಲಾಗಿ ನಿಲ್ಲುವ ಹುಡುಗಿಯರಲ್ಲಿ ಒಬ್ಬರಾಗಿ. ಆರ್‌ಕೆಓ ಸ್ಟುಡಿಯೋ ಸಂಬಳಕ್ಕೆ ಇಟ್ಟುಕೊಂಡಿತು. ಹೂವು ಮಾರುವವಳು, ಅಂಗಡಿಯವಳು, ನಾಯಕಿಯ ಗೆಳತಿ, ಹೀಗೆ ಎಷ್ಟೋ ಪಾತ್ರಗಳು. ಕಡಿಮೆ ಖರ್ಚಿನ ಚಿತ್ರಗಳನ್ನು ಅಲ್ಲಿ ಬಿ ಚಿತ್ರ ಎನ್ನುತ್ತಿದ್ದರು. ಇವರಿಗೆ 'ಬಿ ಚಿತ್ರಗಳ ರಾಣಿ' ಎಂಬ ಹೆಸರು ಅಂಟಿಕೊಂಡಿತು. ಆ ಹೆಸರನ್ನು ಹೊಗಳಿಕೆ ಎಂದು ಇಟ್ಟವರಿರಲಿಲ್ಲ. 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋಗೆ ಹೋದರು. ಬಣ್ಣದ ಚಿತ್ರಕ್ಕಾಗಿ ಕೂದಲು ಕೆಂಪಾಯಿತು. ಆದರೂ ಅವರಿಂದ ಏನು ಮಾಡಿಸಬೇಕು ಎಂದು ಆ ಸ್ಟುಡಿಯೋಗೆ ಹೊಳೆಯಲೇ ಇಲ್ಲ.

ನನ್ನ ಮಟ್ಟಿಗೆ ಆ ಬೇಕಾರಾದ ವರ್ಷಗಳೇ ಮುಖ್ಯ. ಮೂಕಿ ಚಿತ್ರಗಳ ದೊಡ್ಡ ನಟ ಬಸ್ಟರ್ ಕೀಟನ್ ಆಗ ಎಂಜಿಎಂನಲ್ಲಿ ಬೇರೆಯವರ ಚಿತ್ರಗಳಿಗೆ ನಗೆಯ ಸನ್ನಿವೇಶ ಹೊಸೆದುಕೊಡುತ್ತಾ ಕೂತಿದ್ದರು. ಅವರ ಕಾಲ ಮುಗಿದಿತ್ತು, ಇವರ ಕಾಲ ಬಂದಿರಲಿಲ್ಲ. ಲೂಸಿಲ್ ಅವರ ಹತ್ತಿರ ಕಲಿತರು. ರಂಗದ ಮೇಲೆ ಕೈಗೆ ಬರುವ ವಸ್ತುವನ್ನು, ನಾವು ಪ್ರಾಪರ್ಟಿ ಎನ್ನುತ್ತೇವಲ್ಲ ಅದನ್ನು, ಹೇಗೆ ನೋಡಿಕೊಳ್ಳಬೇಕು ಎಂಬುದು ಆ ಪಾಠಗಳಲ್ಲಿ ಒಂದು. ಮುಂದೆ ಜೀವನವಿಡೀ ಅವರು ಪ್ರಾಪರ್ಟಿಯನ್ನು ಬೇರೆಯವರ ಕೈಗೆ ಬಿಟ್ಟು ನಿಶ್ಚಿಂತೆಯಿಂದ ಇದ್ದವರಲ್ಲ. 1950ರಲ್ಲಿ ಪೆಪೀಟೊ ಎಂಬ ವಿದೂಷಕ ಒಂದು ವಿಚಿತ್ರ ಸೆಲ್ಲೋ ವಾದ್ಯ ಮಾಡಿಕೊಟ್ಟು, ಅದರ ಜೊತೆ ಹೇಗೆ ಒದ್ದಾಡಬೇಕು ಎಂದು ಹೇಳಿಕೊಟ್ಟರು. ಹೀಗೆ ನಡು ವಯಸ್ಸಿಗೆ ಬಂದ ನಟಿ ಪಾಠಕ್ಕೆ ಕೂತಿದ್ದರು. ಅದನ್ನು ನೆನೆದಾಗೆಲ್ಲ ನನಗೆ ಅವರ ಮೇಲಿನ ಗೌರವ ಜಾಸ್ತಿಯಾಗುತ್ತದೆ.

ಆ ಸೆಲ್ಲೋ ಬೇಕಾಗಿದ್ದು ಒಂದು ಹಟಕ್ಕಾಗಿ. 1948ರಿಂದ ಅವರು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಯ ರೇಡಿಯೋದಲ್ಲಿ ಒಂದು ಹಾಸ್ಯ ಸರಣಿ ಮಾಡುತ್ತಿದ್ದರು. ಅದನ್ನು ಟಿವಿಗೆ ತರೋಣ ಎಂದಿತು ಸಿಬಿಎಸ್. ತರೋಣ, ಆದರೆ ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು ಎಂದರು ಲೂಸಿಲ್. 1940ರಲ್ಲಿ ಮದುವೆಯಾದ ಡೆಸಿ ಅರ್ನಾಜ್ ಕ್ಯೂಬಾದವರು, ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದವರು. ಒಟ್ಟಿಗೆ ಕೆಲಸ ಮಾಡಿದರಾದರೂ ಮನೆ ಉಳಿಯುತ್ತದೇನೋ ಎಂಬ ಆಸೆ ಲೂಸಿಲ್‌ಗೆ. ಅಮೆರಿಕದ ಬಿಳಿ ಹೆಂಗಸಿಗೆ ಸ್ಪ್ಯಾನಿಷ್ ಉಚ್ಚಾರಣೆಯ ಗಂಡ ಎಂದರೆ ಜನ ಒಪ್ಪುವುದಿಲ್ಲ ಎಂದು ಸಿಬಿಎಸ್ ಅಳುಕಿತು. ಇಬ್ಬರೂ ತಮ್ಮದೇ ಪ್ರದರ್ಶನ ಕಟ್ಟಿಕೊಂಡು ವೇದಿಕೆಗಳ ಮೇಲೆ ಆಡಿ ತೋರಿಸಿದರು. ಸೆಲ್ಲೋ ಬಂದದ್ದು ಅಲ್ಲಿಗೇ. ಜನ ಒಪ್ಪಿದರು.

1951ರ ಅಕ್ಟೋಬರ್ 15ರಂದು 'ಐ ಲವ್ ಲೂಸಿ' ಎಂಬ ಟಿವಿ ಸರಣಿ ಶುರುವಾಯಿತು. ಬ್ಯಾಂಡಿನ ಹಾಡುಗಾರ ರಿಕಿ, ತಾನೂ ವೇದಿಕೆ ಹತ್ತಬೇಕೆಂದು ಹಂಬಲಿಸುವ ಹೆಂಡತಿ ಲೂಸಿ, ಮನೆ ಮಾಲೀಕರೂ ಗೆಳೆಯರೂ ಆದ ಎಥೆಲ್ ಮತ್ತು ಫ್ರೆಡ್. ಲೂಸಿಲ್‌ಗೆ ಆಗ 40 ವರ್ಷ. ನಟಿಯರಿಗೆ ಪಾತ್ರಗಳು ಮುಗಿಯುವ ವಯಸ್ಸು ಎಂದು ಇಂದಿಗೂ ಹೇಳುತ್ತಾರಲ್ಲ, ಆ ವಯಸ್ಸು.

ಈಗ ಆ ನಗು ಹೇಗೆ ತಯಾರಾಗುತ್ತಿತ್ತು ನೋಡಿ. ಮೊದಲು ಬರಹ. ಬಹುಪಾಲು ಎಲ್ಲವೂ ಕಾಗದದ ಮೇಲೆ ಬರೆದದ್ದೇ. ಬರಹಗಾರರಲ್ಲಿ ಮ್ಯಾಡೆಲಿನ್ ಪ್ಯೂ ಎಂಬವರಿದ್ದರು. ಲೂಸಿ ಏನಾದರೂ ಸರ್ಕಸ್ಸು ಮಾಡಬೇಕಿದ್ದರೆ ಅದು ಒಬ್ಬ ಹೆಂಗಸಿನ ಕೈಲಿ ಆಗುತ್ತದೋ ಇಲ್ಲವೋ ಎಂದು ತಾವೇ ಮೊದಲು ಮಾಡಿ ನೋಡುತ್ತಿದ್ದರು. ಲೂಸಿಲ್ ಅವರ ಮುಖಭಾವಗಳಿಗೂ ಬರಹದಲ್ಲಿ ಹೆಸರುಗಳಿದ್ದವು. 'ಸ್ಪೈಡರ್' ಎಂದು ಬರೆದರೆ ತುಟಿ ಸೊಟ್ಟ ಮಾಡಿ ಹೊರಡಿಸುವ ಆ ಅಸಹ್ಯದ ದನಿ. 'ಲೈಟ್ ಬಲ್ಬ್' ಎಂದರೆ ತಲೆಗೆ ಹೊಸ ಉಪಾಯ ಹೊಳೆದ ಮುಖ. ಅಳುವ ಮುಂಚೆ ಕಣ್ಣು ತುಂಬಿಕೊಳ್ಳುವುದಕ್ಕೂ ಒಂದು ಹೆಸರು. ಬಣ್ಣದ ಡಬ್ಬಿಗಳ ಮೇಲೆ ಚೀಟಿ ಅಂಟಿಸಿಟ್ಟ ಹಾಗೆ. ಬೇಕಾದಾಗ ಬೇಕಾದ್ದನ್ನು ತೆಗೆಯುವಷ್ಟು ಹಿಡಿತ ಇದ್ದರೆ ಮಾತ್ರ ಹೀಗೆ ಹೆಸರಿಡಲು ಸಾಧ್ಯ ಅಲ್ವಾ?

ಆಮೇಲೆ ತಾಲೀಮು. ವಾರವಿಡೀ ತಾಲೀಮು, ಶುಕ್ರವಾರ ರಾತ್ರಿ ಸುಮಾರು 300 ಜನ ಪ್ರೇಕ್ಷಕರ ಮುಂದೆ ಚಿತ್ರೀಕರಣ. ಒಂದು ಕಂತಿನಲ್ಲಿ ಲೂಸಿ ಟಾನಿಕ್ ಜಾಹೀರಾತು ಮಾಡಬೇಕು. ಪ್ರತಿ ಸಲ ಒಂದು ಚಮಚ ಕುಡಿಯಬೇಕು. ಅದರಲ್ಲಿ ಮದ್ಯ ಇದೆ ಎಂದು ಅವಳಿಗೆ ಗೊತ್ತಿಲ್ಲ. ಮೊದಲ ಸಲ ಮಾತು ಸ್ಪಷ್ಟ, ಮುಖದಲ್ಲಿ ಟಾನಿಕ್ಕಿನ ಕಹಿ. ಎರಡನೇ ಸಲ ಕಹಿ ಸ್ವಲ್ಪ ಕಡಿಮೆ. ಹೋಗ್ತಾ ಹೋಗ್ತಾ ನಾಲಿಗೆ ತೊದಲುತ್ತದೆ, ಚಮಚ ಸಿಗುವುದಿಲ್ಲ, ಪದಗಳು ಜಾಗ ಬದಲಾಯಿಸುತ್ತವೆ. ಅಮಲು ಏರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಎಣಿಸಬಹುದು. ನಮ್ಮ ಹವ್ಯಾಸಿ ನಾಟಕಗಳಲ್ಲಿ ಕುಡುಕನ ಪಾತ್ರ ಬಂದರೆ ಮೊದಲ ಹೆಜ್ಜೆಗೇ ಪೂರ್ತಿ ತೂರಾಡಿಬಿಡುತ್ತೇವೆ. ಆಮೇಲೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. ಈ ದೃಶ್ಯ ನೋಡಿದ ಮೇಲೆ ನಾನು ತಾಲೀಮು ಮಾಡಿಸುವ ರೀತಿಯೇ ಬದಲಾಯಿತು.

ಒಂದು ಮಾತು ಬಿಡಬಾರದು. ಇದೇ ಸರಣಿಗಾಗಿ 1952ರಲ್ಲಿ ಆಡಿದ ಚಾಕೊಲೇಟ್ ದೃಶ್ಯ ಇಂದು ನಮ್ಮ ಪಂಚೆಯ ಮೇಲೆ ಇಷ್ಟು ಚೊಕ್ಕಟವಾಗಿ ಕಾಣುವುದಕ್ಕೂ ಈ ದಂಪತಿಯೇ ಕಾರಣ. ಆಗ ಟಿವಿ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕ್‌ನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಹಿಡಿದು ಕಳಿಸುತ್ತಿದ್ದರು, ಅದು ಮಸುಕು ಮಸುಕು. ಇವರಿಗೆ ಹಾಲಿವುಡ್ ಬಿಡಲು ಮನಸ್ಸಿರಲಿಲ್ಲ. ಸಿನಿಮಾದ ಹಾಗೆ 35 ಮಿಲಿಮೀಟರ್ ಫಿಲ್ಮಿನಲ್ಲೇ ತೆಗೆಯುತ್ತೇವೆ ಎಂದರು. ಖರ್ಚು ಜಾಸ್ತಿ ಎಂದು ತಕರಾರು ಬಂತು. ಹಾಗಾದರೆ ವಾರಕ್ಕೆ 1,000 ಡಾಲರ್ ಸಂಬಳ ಕಡಿಮೆ ಕೊಡಿ, ಫಿಲ್ಮಿನ ಒಡೆತನ ನಮಗೆ ಬಿಡಿ ಎಂದರು ಗಂಡ ಹೆಂಡತಿ. ಸಿಬಿಎಸ್ ಒಪ್ಪಿತು. ಒಂದು ಸಲ ತೋರಿಸಿದ ಮೇಲೆ ಆ ಫಿಲ್ಮು ಯಾರಿಗೆ ಬೇಕು ಎಂಬ ಕಾಲ ಅದು. ಜರ್ಮನಿಯಿಂದ ಬಂದಿದ್ದ ಹೆಸರಾಂತ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮೂರು ಕ್ಯಾಮೆರಾ ಒಟ್ಟಿಗೆ ಓಡುವ ಹಾಗೆ ಇಡೀ ರಂಗಕ್ಕೆ ಸಮನಾದ ಬೆಳಕು ಹೊಂದಿಸಿದರು. ಹಾಗಾಗಿ ನಟರು ನಾಟಕದ ಹಾಗೆ ನಿಲ್ಲದೆ ಆಡಬಹುದಿತ್ತು, ಪ್ರೇಕ್ಷಕರ ನಗುವೂ ನಿಜವಾದದ್ದೇ. ಕೆಲವೇ ವರ್ಷಗಳಲ್ಲಿ ಅದೇ ಫಿಲ್ಮುಗಳ ಹಕ್ಕನ್ನು ಸಿಬಿಎಸ್ ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಂಡುಕೊಂಡಿತು. 1957ರಲ್ಲಿ ಇವರ ಡೆಸಿಲು ಕಂಪನಿ ಸುಮಾರು 60 ಲಕ್ಷ ಡಾಲರಿಗೆ ಆರ್‌ಕೆಓ ಸ್ಟುಡಿಯೋವನ್ನೇ ಖರೀದಿಸಿತು. ಹಿಂದೆ ಸಣ್ಣಪುಟ್ಟ ಪಾತ್ರ ಕೊಟ್ಟಿದ್ದ ಅದೇ ಸ್ಟುಡಿಯೋ.

ಎರಡನೇ ವರ್ಷ ಲೂಸಿಲ್ ಬಸುರಿಯಾದರು. ಬಸುರಿಯನ್ನು ಟಿವಿಯಲ್ಲಿ ತೋರಿಸಲು ಆಗ ಹಿಂಜರಿಕೆ. ಕೊನೆಗೆ ಕಥೆಯಲ್ಲೂ ಲೂಸಿ ಬಸುರಿ ಎಂದಾಯಿತು. ಆದರೆ ಆ ಪದ ಮಾತ್ರ ಬಾಯಲ್ಲಿ ಬರುವಂತಿಲ್ಲ! ಒಬ್ಬ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಧರ್ಮಗುರು, ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಪ್ರತಿ ಕಂತಿನ ಬರಹ ಓದಿ ಒಪ್ಪಿಗೆ ಕೊಡುತ್ತಿದ್ದರು. 1953ರ ಜನವರಿ 19ರಂದು ಕಥೆಯ ಲೂಸಿಗೂ ನಿಜದ ಲೂಸಿಲ್‌ಗೂ ಒಂದೇ ದಿನ ಗಂಡು ಮಗು ಹುಟ್ಟಿತು. ಸುಮಾರು 4 ಕೋಟಿ 40 ಲಕ್ಷ ಜನ ಆ ಕಂತು ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡಾಗ ನೋಡಿದವರು ಅದಕ್ಕಿಂತ ಕಡಿಮೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಲ್ಲವೂ ಮುಳುಗುವ ಹಾಗಿತ್ತು. ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕೆಲಸದಿಂದ ತೆಗೆಯುತ್ತಿದ್ದ ಕಾಲ. 1936ರಲ್ಲಿ ಲೂಸಿಲ್ ಮತದಾರರ ಪಟ್ಟಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಕಡೆ ಹೆಸರು ಬರೆಸಿದ್ದರು. ಸಮಾಜವಾದಿಯಾಗಿದ್ದ ಅಜ್ಜನನ್ನು ಖುಷಿಪಡಿಸಲು ಹಾಗೆ ಮಾಡಿದೆ ಎಂದು ತನಿಖೆಯವರ ಮುಂದೆ ಹೇಳಿದರು. ಸುದ್ದಿ ಹೊರಬಿತ್ತು. ಆ ಶುಕ್ರವಾರ ಚಿತ್ರೀಕರಣಕ್ಕೆ ಮುಂಚೆ ಡೆಸಿ ಪ್ರೇಕ್ಷಕರ ಮುಂದೆ ಬಂದು ನಿಂತರು. ಲೂಸಿಯಲ್ಲಿ ಕೆಂಪು ಇರುವುದು ಕೂದಲು ಒಂದೇ, ಅದೂ ಅಸಲಿಯಲ್ಲ ಎಂದರು. ಜನ ಚಪ್ಪಾಳೆ ಹೊಡೆದರು. ಆ ನಡುಕದಲ್ಲೇ ಲೂಸಿಲ್ ರಂಗಕ್ಕೆ ಬಂದು ಆ ವಾರದ ಕಂತು ಮುಗಿಸಿದರು. ಎಷ್ಟೋ ಕಲಾವಿದರಿಗೆ ಆಗ ಆ ಚಪ್ಪಾಳೆ ಸಿಗಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಮನೆ ಉಳಿಸಲೆಂದು ಶುರು ಮಾಡಿದ ಕೆಲಸ ಮನೆಯನ್ನು ಉಳಿಸಲಿಲ್ಲ. 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಸಾಲ ಮಾಡಿ ಡೆಸಿಯ ಪಾಲನ್ನು ಕೊಂಡು ಲೂಸಿಲ್ ಇಡೀ ಸ್ಟುಡಿಯೋದ ಯಜಮಾನಿಯಾದರು. ಅಷ್ಟು ದೊಡ್ಡ ಟಿವಿ ಸ್ಟುಡಿಯೋ ನಡೆಸಿದ ಮೊದಲ ಹೆಂಗಸು ಅವರೇ. 'ಸ್ಟಾರ್ ಟ್ರೆಕ್' ಎಂಬ ಬಾಹ್ಯಾಕಾಶದ ಕಥೆಯ ಸರಣಿ ಹುಟ್ಟಿದ್ದು ಅಲ್ಲಿ. ಖರ್ಚು ನೋಡಿ ತಮ್ಮ ಕಂಪನಿಯವರೇ ಬೇಡ ಎಂದಾಗ ಲೂಸಿಲ್ ಅದರ ಬೆನ್ನಿಗೆ ನಿಂತರು. 1967ರಲ್ಲಿ ಸ್ಟುಡಿಯೋವನ್ನು ಸುಮಾರು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದರು. ತಮ್ಮ ಹೊಸ ಸರಣಿಗಳಲ್ಲಿ 1974ರ ತನಕ ವಾರ ವಾರ ನಟಿಸುತ್ತಲೇ ಇದ್ದರು.

1986ರಲ್ಲಿ, 75ನೇ ವಯಸ್ಸಿಗೆ, ಮತ್ತೊಂದು ಸರಣಿ ಮಾಡಿದರು. 13 ಕಂತು ತಯಾರಾಗಿತ್ತು, 8 ಪ್ರಸಾರವಾಗಿ ನಿಂತುಹೋಯಿತು. ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಟೈಮಿಂಗ್ ಇನ್ನೂ ಇದೆ. ಆದರೆ ಅಜ್ಜಿ ಏಣಿ ಹತ್ತಿದರೆ ನಗುವ ಬದಲು 'ಅಯ್ಯೋ ಬೀಳ್ತಾರೆ' ಅನಿಸುತ್ತದೆ. ಅಭ್ಯಾಸದಿಂದ ಬಂದ ವಿದ್ಯೆ ಇದು ಎಂಬುದಕ್ಕೆ ಇದೂ ಒಂದು ಸಾಕ್ಷಿ. ಆ ವಿದ್ಯೆ ಇದ್ದದ್ದು ದೇಹದಲ್ಲಿ, ದೇಹಕ್ಕೆ ವಯಸ್ಸಾಯಿತು. ಆ ಡಿಸೆಂಬರಿನಲ್ಲಿ ಡೆಸಿ ತೀರಿಕೊಂಡರು. ಐದು ದಿನ ಕಳೆದು, ಕಲಾವಿದರನ್ನು ಸನ್ಮಾನಿಸುವ ಕೆನಡಿ ಸೆಂಟರ್ ಗೌರವ ಸಮಾರಂಭದಲ್ಲಿ ಡೆಸಿ ಮೊದಲೇ ಬರೆದಿಟ್ಟಿದ್ದ ಮಾತನ್ನು ಬೇರೊಬ್ಬರು ಓದಿದರು. 'ಐ ಲವ್ ಲೂಸಿ' ಎಂಬುದು ಬರೀ ಕಾರ್ಯಕ್ರಮದ ಹೆಸರಾಗಿರಲಿಲ್ಲ ಎಂದು ಅದರಲ್ಲಿತ್ತು. ಕೂತು ಕೇಳುತ್ತಿದ್ದ ಲೂಸಿಲ್ ಕಣ್ಣು ತುಂಬಿತ್ತು. 1989ರ ಏಪ್ರಿಲ್ 26ರಂದು ಅವರೂ ಹೋದರು.

ಶಿಬಿರದಲ್ಲಿ ಇಷ್ಟೆಲ್ಲ ಹೇಳುವುದಿಲ್ಲ ಅಂದೆನಲ್ಲ, ಬದಲಿಗೆ ಒಂದು ಕೆಲಸ ಕೊಡುತ್ತೇನೆ. ಮಾರನೇ ಬೆಳಿಗ್ಗೆ ಒಂದು ಬುಟ್ಟಿ ಪೆಪ್ಪರ್‌ಮಿಂಟು, ಒಂದು ಕಟ್ಟು ಕಾಗದ ತಂದಿಡುತ್ತೇನೆ. ಮಕ್ಕಳು ಕೂಡಲೇ ಬಾಯಿಗೆ ತುರುಕಿಕೊಂಡು ಕಣ್ಣು ಹೊರಳಿಸಲು ಶುರು ಮಾಡುತ್ತಾರೆ. ಯಾರಿಗೂ ನಗು ಬರುವುದಿಲ್ಲ. ಆಗ ಎಲ್ಲ ವಾಪಸ್ ಬುಟ್ಟಿಗೆ ಹಾಕಿಸುತ್ತೇನೆ. ಮೊದಲು ಸರಿಯಾಗಿ ಸುತ್ತುವುದನ್ನು ಕಲಿಯಿರಿ, ಮಧ್ಯಾಹ್ನದ ತನಕ ಅದೊಂದೇ ಕೆಲಸ ಎನ್ನುತ್ತೇನೆ. ಗೊಣಗುತ್ತಾರೆ. ಆಮೇಲೆ ಸಾಲಾಗಿ ಕೂತು ಸುತ್ತುತ್ತಾರೆ.