ಹೊಸ ಬ್ಯಾಂಡ್ ಸ್ಟುಡಿಯೋಗೆ ಬಂದಾಗ

ರೆಕಾರ್ಡಿಂಗ್ ಕೆಲಸ ಕಲಿಯಲು ನನ್ನ ಬಳಿ ಬರುವವರಿಗೆ ಮೊದಲು ದಿ ಸ್ಲಿಟ್ಸ್ ಕೇಳಿಸುತ್ತೇನೆ. 1977ರಲ್ಲಿ ಬಿಬಿಸಿ ರೇಡಿಯೋದ ಜಾನ್ ಪೀಲ್ ಕಾರ್ಯಕ್ರಮಕ್ಕೆ ನುಡಿಸಿದ್ದು ಮೊದಲು, 1979ರ ‘ಕಟ್’ ಆಲ್ಬಮ್ ಆಮೇಲೆ.

1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಪಂಕ್ (ಒರಟು, ವೇಗದ ರಾಕ್) ಬ್ಯಾಂಡ್ ಇದು. ಹಾಡುವ ಆರಿ ಅಪ್‌ಗೆ ಆಗ 14 ವರ್ಷ. ಡ್ರಮ್ಸ್‌ಗೆ ಸ್ಪೇನಿನ ಪಾಮಾಲಿವ್. ಗಿಟಾರಿಗೆ ವಿವ್ ಆಲ್ಬರ್ಟೈನ್, ಬೇಸ್‌ಗೆ ಟೆಸ್ಸಾ ಪಾಲಿಟ್ ಆಮೇಲೆ ಸೇರಿಕೊಂಡರು. ವಾದ್ಯ ಇನ್ನೂ ಕೈಗೆ ಕೂರುವ ಮೊದಲೇ ದಿ ಕ್ಲ್ಯಾಶ್ ಎಂಬ ಇನ್ನೊಂದು ಪಂಕ್ ಬ್ಯಾಂಡಿನ ಪ್ರವಾಸದಲ್ಲಿ ವೇದಿಕೆ ಹತ್ತಿದರು. ಪೀಲ್ ರೆಕಾರ್ಡಿಂಗ್‌ನಲ್ಲಿ ಲಯ ಓಡುತ್ತದೆ, ಗಿಟಾರ್ ಗರಗರ ಅನ್ನುತ್ತದೆ, ಆರಿ ಕಿರುಚುತ್ತಾಳೆ. ಆದರೆ ಗಮನವಿಟ್ಟು ಕೇಳಿ, ಓಡುವಾಗ ನಾಲ್ವರೂ ಒಟ್ಟಿಗೇ ಓಡುತ್ತಾರೆ.

‘ಕಟ್’ ಹೊತ್ತಿಗೆ ಪಾಮಾಲಿವ್ ಬಿಟ್ಟುಹೋಗಿ, ಡ್ರಮ್ಸ್‌ಗೆ ಬಡ್ಜಿ ಎಂಬ ಹುಡುಗ ಬಂದಿದ್ದ. ನಿರ್ಮಾಪಕ ಡೆನಿಸ್ ಬೋವೆಲ್ ಬಾರ್ಬಡೋಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ, ಜಮೈಕಾದ ರೆಗೆ ಶೈಲಿಯ ಸಂಗೀತಗಾರ. ಈ ಹುಡುಗಿಯರಿಗೂ ರೆಗೆ ಹುಚ್ಚು. ಲಂಡನ್ನಿನ ಪಂಕ್ ತಾಣ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಡಾನ್ ಲೆಟ್ಸ್ ಪಂಕ್ ಬ್ಯಾಂಡುಗಳ ನಡುವೆ ಹಾಕುತ್ತಿದ್ದದ್ದೇ ರೆಗೆ ರೆಕಾರ್ಡು. ಬೋವೆಲ್ ಈ ಹುಡುಗಿಯರನ್ನು ತಿದ್ದಲು ಹೋಗಲಿಲ್ಲ, ಸದ್ದುಗಳ ಮಧ್ಯೆ ಜಾಗ ಮಾಡಿಕೊಟ್ಟರು. ರೆಗೆಯಿಂದಲೇ ಹುಟ್ಟಿದ ಡಬ್ ಸಂಗೀತದವರ ಕಸುಬೇ ಅದು: ಇದ್ದ ವಾದ್ಯವನ್ನು ಥಟ್ಟನೆ ತೆಗೆದುಬಿಡುವುದು. ಬೇಸ್ ಮುಂದೆ ಬಂತು, ವಿವ್ ಅವರ ಗಿಟಾರ್ ಅಲ್ಲೊಂದು ಇಲ್ಲೊಂದು ಗೀರಾಯಿತು. ‘ನ್ಯೂಟೌನ್’ ಹಾಡಿನಲ್ಲಿ ಚಮಚ ಬೀಳುವ, ಬೆಂಕಿಕಡ್ಡಿ ಗೀರುವ ಸದ್ದೇ ತಾಳವಾದ್ಯ! ಆ ಆಲ್ಬಮ್ಮಿನ ಕವರ್ ಫೋಟೋ ಬಗ್ಗೆ ಪುಟಗಟ್ಟಲೆ ಬರೆದವರು ಟೆಸ್ಸಾ ಬೇಸ್ ಬಗ್ಗೆ ಒಂದು ಪ್ಯಾರಾ ಬರೆಯದಿದ್ದುದು ನನಗೆ ಇಂದಿಗೂ ಬೇಸರ.

ಈಗ ನಮ್ಮ ಕೆಲಸಕ್ಕೆ ಬರೋಣ. ಡ್ರಮ್ಮಿನ ಪ್ರತಿ ಪೆಟ್ಟನ್ನೂ ಎಳೆದು ತಾಳದ ಗೆರೆಗೆ ಸರಿಯಾಗಿ ಕೂರಿಸುವ ಸಾಫ್ಟ್‌ವೇರ್ ಎಲ್ಲರ ಬಳಿ ಇದೆ. ಹೊಸ ಬ್ಯಾಂಡ್ ಬಂದರೆ ನಾನು ಮೊದಲು ಅದನ್ನು ಮುಟ್ಟುವುದಿಲ್ಲ. ಕ್ಲಿಕ್ (ಕಿವಿಯಲ್ಲಿ ತಾಳ ಹಾಕುವ ಟಿಕ್ ಟಿಕ್ ಸದ್ದು) ಹಾಕದೆ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಲು ಹೇಳುತ್ತೇನೆ. ಪ್ರತಿ ಟೇಕ್‌ನಲ್ಲೂ ಪಲ್ಲವಿಗೆ ಬರುವಾಗ ಡ್ರಮ್ಮರ್ ಅದೇ ಜಾಗದಲ್ಲಿ ತುಸು ಮುಂದೆ ನುಗ್ಗಿದರೆ, ಅದು ಆ ಹಾಡಿನ ನಡಿಗೆ, ಹಾಗೇ ಉಳಿಸುತ್ತೇನೆ. ಒಂದು ಟೇಕ್‌ನಲ್ಲಿ ಮಾತ್ರ ನುಗ್ಗಿದರೆ ಇನ್ನೊಮ್ಮೆ ನುಡಿಸಿ ಅನ್ನುತ್ತೇನೆ. ಮಿಕ್ಸಿಂಗಿಗೆ ಕೂತಾಗ ಏನನ್ನೂ ಸೇರಿಸುವ ಮೊದಲು ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ, ಬ್ಯಾಂಡಿನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ. ಯಾವುದು ಹೋದಾಗ ಅವರ ಮುಖ ಬಾಡುತ್ತದೋ ಅದಕ್ಕೆ ಜಾಗ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ಸರಿಸುತ್ತೇನೆ.