ಶುಂಠಿ ಮುಲಾಮು, ನಾಲ್ಕನೇ ಬ್ಯಾಚ್: ನೀರು ಎಲ್ಲಿಂದ ಬರ್ತಿತ್ತು ಅಂತ ಕೊನೆಗೂ ಗೊತ್ತಾಯ್ತು

ಕಳ್ಳ ಸಿಕ್ಕಿಬಿದ್ದ: ಪಾತ್ರೆಯ ಮುಚ್ಚಳ! ಚಳಿಗೆ ಅಂಗಾಲು, ಮಂಡಿಗೆ ಹಚ್ಚುವ ಮುಲಾಮಿನ ಮೂರು ಬ್ಯಾಚ್‌ಗಳು ಡಬ್ಬಿಯ ತಳದಲ್ಲಿ ನೀರು ಬಿಟ್ಟುಕೊಂಡು, ಬೂಷ್ಟು ಹಿಡಿದು ಕಸಕ್ಕೆ ಹೋದವು. ನಾಲ್ಕನೆಯದರಲ್ಲಿ ಒಂದು ಹನಿಯೂ ಇಲ್ಲ.

ಮೊದಲ ಬ್ಯಾಚ್ ಹಾಳಾದದ್ದು ಹಸಿಶುಂಠಿಯಿಂದ. ಅದರ ತೂಕದಲ್ಲಿ ಹತ್ತಿರಹತ್ತಿರ ಶೇ. 80 ನೀರೇ; ಒಂದು ದಿನ ಬಾಡಿಸಿದರೆ ಏನೇನೂ ಸಾಲದು. ಎರಡನೆಯದಕ್ಕೆ 2 ಮಿ.ಮೀ. ಬಿಲ್ಲೆ ಹೆಚ್ಚಿ, 50–55 ಡಿಗ್ರಿಯಲ್ಲಿ, ಬಗ್ಗಿಸಿದರೆ ಪಟ್ಟನೆ ಮುರಿಯುವ ತನಕ ಒಣಗಿಸಿದ್ದಾಯ್ತು. ಒಣಗುವಾಗ ಹಸಿಶುಂಠಿಗೆ ಖಾರ ಕೊಡುವ ಜಿಂಜರಾಲ್‌ನ ಒಂದು ಪಾಲು ಅದಕ್ಕಿಂತ ಖಾರದ ಶೋಗಾಲ್ ಆಗುತ್ತದೆ, ಖಾರವೂ ಏರುತ್ತದೆ, ಹಾಗಾಗಿ ಈ ಕೆಲಸ ದಂಡವಲ್ಲ. ಆದರೂ ತಳದಲ್ಲಿ ನೀರು! ಮೂರನೆಯದರಲ್ಲಿ ಸೋಸುವ ಬಟ್ಟೆಯನ್ನು ಹಿಂಡದೆ ತಾನಾಗಿ ಇಳಿಯಲು ಬಿಟ್ಟದ್ದಕ್ಕೆ ಗಸಿ ಕಡಿಮೆಯಾಯ್ತು, ನೀರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಎಡವಟ್ಟು ಇದ್ದದ್ದು ಕಾಯಿಸುವ ಜೋಡಣೆಯಲ್ಲಿ. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲು, ಎರಡಕ್ಕೂ ಸೇರಿ ಒಂದೇ ಮುಚ್ಚಳ. ಎತ್ತಿ ನೋಡಿದರೆ ಒಳಮೈ ತುಂಬ ಹನಿ. ಒಂದೊಂದೇ ನಡುವಿಗೆ ಜಾರಿ, ಎಣ್ಣೆಗೆ ತೊಟ್ಟಿಕ್ಕಿ, ಮುತ್ತಿನ ಹಾಗೆ ದುಂಡಗಾಗಿ ತಳಕ್ಕಿಳಿಯುತ್ತಿತ್ತು. ನಾಲ್ಕು ಗಂಟೆ ಹೀಗೇ ನಡೆದರೆ ಶುಂಠಿ ಎಷ್ಟು ಒಣಗಿದ್ದರೇನು?

ಈಗಿನ ಜೋಡಣೆ ಹೀಗಿದೆ. ಎಣ್ಣೆಯ ಬಟ್ಟಲಿನ ಅಂಚು ಕೆಳಗಿನ ಪಾತ್ರೆಯ ಬಾಯಿಗಿಂತ ಅಗಲ, ಹಬೆ ಪಕ್ಕದಿಂದಲೇ ಹೊರಹೋಗುತ್ತದೆ. ಮುಚ್ಚಳದ ಬದಲು ತೆಳು ಬಟ್ಟೆ. ಎಳ್ಳೆಣ್ಣೆ 250 ಗ್ರಾಂ, ಒಣಶುಂಠಿ 50, ಕಾಳುಮೆಣಸು 10. 60–65 ಡಿಗ್ರಿಯಲ್ಲಿ ನಾಲ್ಕು ಗಂಟೆ. ಶುಂಠಿ, ಮೆಣಸು ತರಿತರಿಯಾಗಿಯೇ ಇರಲಿ. ನುಣ್ಣಗಿನ ಪುಡಿ ಬಟ್ಟೆಯಲ್ಲಿ ನುಸುಳಿ, ಹಚ್ಚುವಾಗ ಮರಳಿನ ಹಾಗೆ ಗೀರುತ್ತದೆ. ಸೋಸಿ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿ. ಕೊನೆಗೆ ಹತ್ತಿಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚಿ ನೋಡಿ. ಚಟಪಟ ಅಂದರೆ ನೀರಿದೆ, ಸದ್ದಿಲ್ಲದೆ ಉರಿದರೆ ಮೇಣ ಹಾಕಬಹುದು. ಮೂರು ಡಬ್ಬಿ ಹಾಳಾಗುವ ಮೊದಲೇ ಇದನ್ನು ಮಾಡಬೇಕಿತ್ತು.

ಮಾರುವವರ ಮೇಲೆ ಸಿಟ್ಟಿದೆ. ಬೆಳ್ಳಗೆ ಕಾಣಲೆಂದು ಸುಣ್ಣ ಬಳಿದ ಶುಂಠಿಯನ್ನು ‘ಮೊದಲ ದರ್ಜೆ’ ಅಂತ ಕೊಡುತ್ತಾರೆ. ಮುರಿದು ಮೂಸಿದರೆ ಘಾಟೇ ಇಲ್ಲ. ಜೇನುಮೇಣಕ್ಕೆ ಪ್ಯಾರಾಫಿನ್ ಬೆರೆಸಿದರಂತೂ ಅಳತೆಯ ಲೆಕ್ಕವೇ ತಲೆಕೆಳಗು. ಶುದ್ಧ ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಿ. ಅದಕ್ಕಿಂತ ಬಹಳ ಮೊದಲೇ ಕರಗಿದರೆ ವಾಪಸ್ ಕೊಡಿ.

ಒಣಗಿಸಿ ಮಿಕ್ಕ ಬಿಲ್ಲೆಗಳನ್ನು ನೋಡುತ್ತಿದ್ದಾಗ ಹೊಳೆದ ಮುಂದಿನ ಯೋಜನೆ, ಶಾಖದ ಚೀಲ: ದಪ್ಪ ಹತ್ತಿಬಟ್ಟೆಯಲ್ಲಿ ಅರ್ಧ ಕೆಜಿ ಅಗಸೆಬೀಜ, ಒಂದು ಹಿಡಿ ಲವಂಗ, ಈ ಬಿಲ್ಲೆ. ಮೈಕ್ರೋವೇವ್‌ನಲ್ಲಿ ಪಕ್ಕಕ್ಕೊಂದು ಲೋಟ ನೀರಿಟ್ಟು, ಅರ್ಧರ್ಧ ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಾ ಬಿಸಿಮಾಡಬೇಕು. ಕಾಯಿಸಿ ಕಾಯಿಸಿ ಬೀಜ ಪೂರ್ತಿ ಒಣಗಿದರೆ ಕಮರಿ ಹೊತ್ತಿಕೊಳ್ಳಬಹುದು.

ಮುಲಾಮಿಗೆ ವಾಪಸ್. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ ಚಳಿಯಲ್ಲಿ ಡಬ್ಬಿ ಕಲ್ಲಾಗುತ್ತದೆ, ಎಳ್ಳೆಣ್ಣೆಯೇ ಸರಿ. 100 ಗ್ರಾಂ ಎಣ್ಣೆಗೆ 20 ಗ್ರಾಂ ಮೇಣ ಬೇಸಿಗೆಯ ಅಳತೆ, ಚಳಿಗೆ 12 ಸಾಕು. ಮೇಣ ಕರಗಿಸಿದ ಎಣ್ಣೆ ಆರುತ್ತಾ ಅಂಚು ಮಬ್ಬಾಗತೊಡಗಿದಾಗ ಲವಂಗದ ಎಣ್ಣೆ ಅರ್ಧ ಗ್ರಾಂ, ಅಷ್ಟೇ. ಹೆಚ್ಚಾದರೆ ಚರ್ಮ ಉರಿದು ಕೆಂಪಾಗುತ್ತದೆ. ದಾಲ್ಚಿನ್ನಿ ತೊಗಟೆಯ ಎಣ್ಣೆ ಬೇಡವೇ ಬೇಡ, ಚರ್ಮಕ್ಕೆ ಅದು ಇನ್ನೂ ಕೆಟ್ಟದ್ದು.

ಇದು ಮೈಯನ್ನು ಕಾಯಿಸುವುದಿಲ್ಲ ಎಂಬುದು ನೆನಪಿರಲಿ. ಸುಮಾರು 43 ಡಿಗ್ರಿ ಶಾಖಕ್ಕೆ ಎಚ್ಚರಾಗುವ ನರದ ಗ್ರಾಹಕವನ್ನು ಶುಂಠಿ, ಮೆಣಸಿನ ಖಾರವೂ ತಟ್ಟುತ್ತದೆ, ಅದಕ್ಕೇ ಬೆಚ್ಚಗನಿಸುವುದು. ಕಾಲುಚೀಲ ಬಿಡುವಂತಿಲ್ಲ. ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯದೆ ಹೋಗಬಹುದು. ಮೊದಲು ಮೊಣಕೈ ಒಳಬದಿಗೆ ಚೂರು ಸವರಿ ಒಂದು ದಿನ ಕಾಯಿರಿ. ಗಾಯ, ಕಣ್ಣು, ಮಕ್ಕಳ ಮುಖದ ಹತ್ತಿರ ತರಬೇಡಿ.

ಐದನೇ ಬ್ಯಾಚ್‌ಗೆ ಮೆಣಸು 15 ಗ್ರಾಂ. ಬತ್ತಿ ಹೊಸೆದಿಟ್ಟಿದೆ.